ದಸ್ತಗಿರ್ ಆರಿಸಿದ ಬೆವರುಪೆಟ್ಟಿಗೆ

ಬೆವರುವುದಕ್ಕೆ ಮನೆಯಲ್ಲಿ ಒಂದು ಪೆಟ್ಟಿಗೆ ಬೇಕು ಎಂದು ನಾನು ಹೇಳಿದ ದಿನ ನನ್ನ ಹೆಂಡತಿ ಶ್ಯಾಮಲಮ್ಮ ಎದ್ದು ಹೋಗಿ ಫ್ಯಾನ್ ಆರಿಸಿದಳು. ಕಿಟಕಿ ಮುಚ್ಚಿದಳು. ಆಮೇಲೆ ನನ್ನ ಎದುರಿಗೆ ಬಂದು ಕೂತು, "ತಗೊಳ್ಳಿ, ಬಂತು ನಿಮ್ಮ ಪೆಟ್ಟಿಗೆ" ಎಂದಳು.

ಅದು ಏಪ್ರಿಲ್ ತಿಂಗಳು. ಶಿಡ್ಲಘಟ್ಟದ ಏಪ್ರಿಲ್ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಆ ತಿಂಗಳಲ್ಲಿ ಇಲ್ಲಿ ಬೆವರಬೇಕೆಂದು ಯಾರೂ ವಿಶೇಷ ಪ್ರಯತ್ನ ಪಡುವುದಿಲ್ಲ. ನೋಡನೋಡುತ್ತಿದ್ದಂತೆ ಬನಿಯನ್ ಬೆನ್ನಿಗೆ ಅಂಟಿಕೊಂಡಿತು.

"ಇದು ಬರೀ ಬೆವರು ಕಣೇ," ಎಂದೆ. "ನಾನ್ ಹೇಳ್ತಿರೋದು ಸೌನಾ. ಫಿನ್ಲೆಂಡ್ ದೇಶದಲ್ಲಿ ಮನೆಮನೆಗೂ ಒಂದು ಇರುತ್ತೆ. ಮರದ ಕೋಣೆ, ಒಳಗೆ ಕಾದ ಕಲ್ಲು..."

"ಅವರಿಗೆ ಚಳಿ. ನಿಮಗೇನು ಬಂದಿದೆ?"

"ಮಂಡಿ ನೋವು."

"ಹಾಗಾದ್ರೆ ಮಂಡಿ ಒಂದನ್ನೇ ಬೆವರಿಸಿ. ಇಡೀ ಮನುಷ್ಯನ್ನ ಯಾಕೆ ಪೆಟ್ಟಿಗೇಲಿ ಹಾಕ್ಬೇಕು?"

"ಇದು ನನ್ನೊಬ್ಬನ ಐಡಿಯಾ ಅಲ್ಲ. ದಸ್ತಗಿರಂದೂ."

"ಅದನ್ನ ಬೇರೆ ಹೇಳ್ಬೇಕಾ?" ಎಂದು ಶ್ಯಾಮಲ ಎದ್ದಳು. "ಒಬ್ಬರಿಗೆ ತಲೆ ಕೆಟ್ರೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೋದು. ಇಬ್ಬರಿಗೂ ಒಟ್ಟಿಗೆ ಕೆಟ್ರೆ ಕಾಫಿ ಮಾಡ್ಕೊಡೋದು, ಅಷ್ಟೇ." ಫ್ಯಾನ್ ಮತ್ತೆ ಹಾಕಿ ಒಳಗೆ ಹೋದಳು. (ಕಾಫಿ ಮಾತ್ರ ಬರಲಿಲ್ಲ.)

ದಸ್ತಗಿರ್ ಯಾರೆಂದು ಹೇಳಿಬಿಡುತ್ತೇನೆ. ನಾವಿಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು, ಒಂದೇ ಮೇಷ್ಟ್ರ ಕೈಯಲ್ಲಿ ಏಟು ತಿಂದವರು. ನಾನು ಓದಿ ಚಿಂತಾಮಣಿಯ ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರಾದೆ. ಅವನು ತನ್ನ ಅಪ್ಪನ ರೇಷ್ಮೆ ರೀಲಿಂಗ್ ಘಟಕದಲ್ಲಿ ಕೂತ. ರೈತರಿಂದ ಗೂಡು ಕೊಂಡು, ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಬರುವುದಕ್ಕೆ ಮೊದಲೇ ಅದಕ್ಕೆ ಬಿಸಿ ಕೊಟ್ಟು, ಆಮೇಲೆ ಕುದಿನೀರಿಗೆ ಹಾಕಿ ನೂಲು ಬಿಚ್ಚುವ ಕಸುಬು. ತೂತಾದ ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ. ಈ ಒಂದು ವಿಷಯ ತಿಳಿದುಕೊಂಡರೆ ನಮ್ಮೂರಿನ ಅರ್ಧ ಅರ್ಥಶಾಸ್ತ್ರವೂ ಮುಕ್ಕಾಲು ರಕ್ತದೊತ್ತಡವೂ ಅರ್ಥವಾಗುತ್ತವೆ.

ಅವನನ್ನು ಒಬ್ಬ ಸೀರೆ ವ್ಯಾಪಾರಿ ಬೆಂಗಳೂರಿನ ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋಗಿ ಸೌನಾದಲ್ಲಿ ಕೂರಿಸಿದ್ದ. ಸಂಜೆ ಬಸ್ಸಿಳಿದ ದಸ್ತಗಿರ್ ತನ್ನ ಮನೆಗೂ ಹೋಗದೆ ನೇರ ನಮ್ಮ ಮನೆಗೆ ಬಂದ. ಮುಖ ಆಗ ತಾನೇ ಒರೆಸಿಟ್ಟ ಟೊಮ್ಯಾಟೊ ಹಾಗೆ ಹೊಳೆಯುತ್ತಿತ್ತು.

"ಎರ್ರಪ್ಪಾ," ಎಂದ, "ಬುದ್ಧಿ ಬಂದಾಗಿಂದ ಹುಳಕ್ಕೆ ಶಾಖ ಕೊಡ್ತಾ ಇದ್ದೀನಿ ಕಣೋ. ನನಗೆ ಇವತ್ತಿನವರೆಗೂ ಒಬ್ಬರೂ ಕೊಟ್ಟಿರಲಿಲ್ಲ."

ಅವತ್ತೇ ನಮ್ಮಿಬ್ಬರ ನಡುವೆ ಚಾರಿತ್ರಿಕ ಒಪ್ಪಂದವಾಯಿತು. ಇಬ್ಬರೂ ಸೇರಿ ಒಂದು ಸೌನಾ ಕೊಳ್ಳುವುದು. ಅರ್ಧ ಅವನದು, ಅರ್ಧ ನನ್ನದು. ಅವನ ಮನೆಯಲ್ಲಿ ಮಂಚದ ಕೆಳಗೂ ಗೂಡೇ ಇರುವುದರಿಂದ ಅದನ್ನು ನಮ್ಮ ಹಿತ್ತಿಲ ಕಡೆಯ ಸಾಮಾನಿನ ಕೋಣೆಯಲ್ಲಿ ಇಡುವುದು. ದಿನಾ ಸಂಜೆ ಅವನು ಘಟಕ ಮುಚ್ಚಿ, ನಾನು ಬಸ್ಸಿಳಿದು, ಒಟ್ಟಿಗೆ ಕೂತು ಬೆವರುವುದು. ಬದುಕಿನಲ್ಲಿ ಇನ್ನು ಹೆಚ್ಚಿನದೇನೂ ಬೇಡ ಎಂದು ಇಬ್ಬರಿಗೂ ಅನ್ನಿಸಿತು.

ಕೊಳ್ಳುವುದು ತೀರ್ಮಾನವಾದ ಮೇಲೆ ಆರಿಸುವುದು ಶುರುವಾಯಿತು. ಅದು ಮುಗಿಯುವಷ್ಟರಲ್ಲಿ ಮಾವು ಹೋಗಿ, ಮಳೆ ಹೋಗಿ, ಅವರೆಕಾಯಿ ಬಂದಿತ್ತು. ಈ ತಡಕ್ಕೆ ನಮ್ಮ ಗೂಡಿನ ಮಾರುಕಟ್ಟೆಯೇ ಕಾರಣ. ಅಲ್ಲಿ ಮೊದಲು ಕಂಡದ್ದನ್ನು ಒಪ್ಪಿಕೊಳ್ಳುವವನನ್ನು ರೀಲರ್ ಎಂದು ಯಾರೂ ಕರೆಯುವುದಿಲ್ಲ. ಹಿಡಿ ಗೂಡು ತೆಗೆದುಕೊಳ್ಳಬೇಕು, ಕಿವಿಯ ಹತ್ತಿರ ಅಲ್ಲಾಡಿಸಬೇಕು, ಮುಖ ಸಿಂಡರಿಸಬೇಕು, ಪಕ್ಕದ ಲಾಟಿಗೆ, ಅಂದರೆ ಇನ್ನೊಬ್ಬ ರೈತನ ಗೂಡಿನ ರಾಶಿಗೆ, ಹೋಗಬೇಕು, ಏನೋ ಮರೆತವನಂತೆ ಹಿಂದಕ್ಕೆ ಬರಬೇಕು. ದಸ್ತಗಿರ್ ಈ ಸಕಲ ವಿಧಿಗಳನ್ನೂ ಬೆಂಗಳೂರಿನ ಏಸಿ ಷೋರೂಮಿನಲ್ಲಿ ಚಾಚೂ ತಪ್ಪದೆ ನಡೆಸಿದ. ಕಿವಿಯ ಹತ್ತಿರ ಅಲ್ಲಾಡಿಸಲು ಆಗದ್ದಕ್ಕೆ ಸೌನಾವನ್ನು ಬೆರಳಿನಿಂದ ತಟ್ಟಿ ನೋಡಿದ.

ಅಲ್ಲಿ ಮೂರು ಬಗೆ ಇದ್ದವು. ಮೊದಲನೆಯದು ಮಡಿಚುವ ಡೇರೆ. ಒಳಗೆ ಕುರ್ಚಿ, ಪಕ್ಕದಲ್ಲಿ ಆವಿಯ ಕುಕ್ಕರ್, ಮೇಲೆ ತೂತು. ತೂತಿನಿಂದ ತಲೆ ಮಾತ್ರ ಹೊರಗೆ. ಟೈ ಕಟ್ಟಿದ್ದ ಸೇಲ್ಸ್‌ಮನ್ ನನ್ನನ್ನೇ ಕೂರಿಸಿ ಜಿಪ್ ಎಳೆದ. ದಸ್ತಗಿರ್ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಚೆನ್ನಾಗಿದ್ದೀಯ. ಕುಂಡದಲ್ಲಿ ನೆಟ್ಟಿರೋ ಹಾಗೆ. ನೀರು ಹಾಕ್ಲಾ?" ಎಂದ. ಆ ಬಗೆ ಅಲ್ಲಿಗೆ ಮುಗಿಯಿತು. ಎರಡನೆಯದರಲ್ಲಿ ಕೆಂಪು ದೀಪಗಳೇ ಶಾಖ ಕೊಡುತ್ತಿದ್ದವು. ಕೋಳಿಫಾರಂನಲ್ಲಿ ಮರಿಗಳನ್ನು ಬೆಚ್ಚಗಿಡುವ ದೀಪಗಳನ್ನು ಕಂಡವರು ಯಾರೂ ಅದರೊಳಗೆ ಗಂಭೀರವಾಗಿ ಕೂರಲಾರರು.

ಮೂರನೆಯದು ಅಸಲಿ ಸೌನಾ. ಪೈನ್ ಮರದ ಹಲಗೆಗಳ ಕಿಟ್, ಮನೆಗೆ ತಂದು ಜೋಡಿಸಿಕೊಳ್ಳಬೇಕು. ಕರೆಂಟಿನ ಒಲೆ, ಅದರ ಮೇಲೆ ಪೇರಿಸಿದ ಕಲ್ಲು, ಕಲ್ಲಿನ ಮೇಲೆ ನೀರು ಚಿಮುಕಿಸಲು ಒಂದು ಮರದ ಬಕೆಟ್ಟು, ಸೌಟು. ದಸ್ತಗಿರ್ ಕಣ್ಣು ಅಲ್ಲೇ ನಿಂತಿತು. ಒಳಗೆ ಹೋದ. ಮೂಸಿ ನೋಡಿದ. ಬೆಂಚಿನ ಪಟ್ಟಿಗಳ ನಡುವೆ ಬೆರಳು ಹಾಕಿದ. ತಲೆ ಹೊರಗೆ ಹಾಕಿ ಕೇಳಿದ: "ಶಾಖ ಕೆಳಗೂ ಮೇಲೂ ಸಮ ಬರುತ್ತಾ?"

"ಬರುತ್ತೆ ಸಾರ್."

"ಎಷ್ಟು ಹಿಡಿಯುತ್ತೆ?"

"ನಾಲ್ಕು ಜನ ಆರಾಮಾಗಿ ಕೂರಬಹುದು ಸಾರ್."

"ಜನ ಬಿಡಪ್ಪಾ. ಈ ಬೆಂಚು ತೆಗೆದು ಹಾಕೋ ಹಾಗಿದೆಯಾ? ನಡುವೆ ಇನ್ನೂ ಎರಡು ಸಾಲು ಬರುತ್ತಾ?"

ಸೇಲ್ಸ್‌ಮನ್ ನನ್ನ ಮುಖ ನೋಡಿದ. ನಾನು ಷೋರೂಮಿನ ಏಸಿ ನೋಡಿದೆ. ಗಾಜಿನ ಬಾಗಿಲು ಬೇಡ ಎಂದ ದಸ್ತಗಿರ್. ಒರಗಿಕೊಳ್ಳುವ ಬೆನ್ನುಹಲಗೆ ಜಾಗ ತಿನ್ನುತ್ತೆ, ಬೇಡ ಎಂದ. ಬಣ್ಣಬಣ್ಣದ ದೀಪ ಖಂಡಿತಾ ಬೇಡ ಎಂದ.

"ದೀಪ ಇರಲಿ ಕಣೋ," ಎಂದೆ ನಾನು. ಬೆವರುತ್ತಾ ಓದಿಕೊಳ್ಳಲು ಒಂದು ದೀಪ, ಪುಸ್ತಕ ಇಡಲು ಒಂದು ಹಲಗೆ, ಇವೆರಡೇ ನನ್ನ ಬೇಡಿಕೆಗಳಾಗಿದ್ದವು.

"ಪುಸ್ತಕ ಬೆಂದುಹೋಗುತ್ತೆ. ಒಳಗಿರೋರಿಗೆ ಬೆಳಕು ಯಾಕೋ? ಕತ್ತಲಲ್ಲಿ ಸುಮ್ನೆ ಬಿದ್ದಿರಲಿ."

ಆ ಮಾತಿನ ಮೇಲೆ, ನಮ್ಮೂರ ಕಡೆ ತಿರುಗುವ ಎಚ್ ಕ್ರಾಸ್ ಬರುವವರೆಗೂ ಬಸ್ಸಿನಲ್ಲಿ ಜಗಳವಾಡಿದೆವು. ಮುಂದಿನ ತಿಂಗಳು ಮತ್ತೆ ಹೋದೆವು, ಮತ್ತೆ ಬೇಡ ಎಂದು ಬಂದೆವು. ನಿಜ ಹೇಳಬೇಕೆಂದರೆ ಆರಿಸುವುದೇ ನಮಗೆ ರುಚಿ ಹತ್ತಿಬಿಟ್ಟಿತ್ತು. ಸೌನಾ ಬಂದುಬಿಟ್ಟರೆ ಇಬ್ಬರೂ ಒಟ್ಟಿಗೆ ಬೆಂಗಳೂರಿಗೆ ಹೋಗಲು ಇನ್ನೇನು ಕಾರಣ ಹುಡುಕಬೇಕು ಎಂಬ ಚಿಂತೆಯೂ ಇತ್ತು. ಕೊನೆಗೆ ಡಿಸೆಂಬರಿನಲ್ಲಿ ಅದೇ ಪೈನ್ ಕಿಟ್‌ಗೆ ಆರ್ಡರ್ ಕೊಟ್ಟೆವು. ಬೆನ್ನುಹಲಗೆ ಇಲ್ಲ, ಗಾಜು ಇಲ್ಲ, ದೀಪ ಇಲ್ಲ. ಎಲ್ಲದರಲ್ಲೂ ಅವನೇ ಗೆದ್ದಿದ್ದ.

ಕಿಟ್ ಬರುವುದಕ್ಕೆ ಮೊದಲೇ ದಸ್ತಗಿರ್ ಹೋದ. ಜನವರಿಯ ಒಂದು ಬೆಳಿಗ್ಗೆ ಗೂಡಿನ ಮಾರುಕಟ್ಟೆಯಲ್ಲಿ ಲಾಟಿನ ಮುಂದೆ ನಿಂತಿದ್ದವನು ಕೂತ, ಕೂತವನು ಏಳಲಿಲ್ಲ. ಹೃದಯ ಎಂದರು ಡಾಕ್ಟರು. ನಾನು ಪಾಠ ಮಾಡುತ್ತಿದ್ದೆ. ಜವಾನ ಬಂದು ಬಾಗಿಲಲ್ಲಿ ನಿಂತು ಹೇಳಿದಾಗ, ಶುರು ಮಾಡಿದ್ದ ವಾಕ್ಯವನ್ನು ಮುಗಿಸಿ ಹೊರಗೆ ಬಂದೆ. ಯಾಕೆ ಮುಗಿಸಿದೆನೋ ಈಗಲೂ ತಿಳಿಯದು. ಸಂಜೆ ಖಬರಸ್ಥಾನದವರೆಗೂ ಹೆಗಲು ಕೊಟ್ಟೆ. ಮಂಡಿ ನೋಯಲಿಲ್ಲ.

ಆಮೇಲೆ ಲಾರಿ ಬಂತು. ಶ್ಯಾಮಲ ಜಗಳವಾಡಲಿಲ್ಲ. ಅಷ್ಟರಲ್ಲಿ ಸಾಮಾನಿನ ಕೋಣೆಯನ್ನು ತಾನೇ ಖಾಲಿ ಮಾಡಿ, ಗುಡಿಸಿ, ಸುಣ್ಣ ಹೊಡೆಸಿದ್ದಳು. "ಎಲ್ಲಿ ಇಳಿಸ್ಲಿ ಅಂತ ಕೇಳ್ತಿದ್ದಾರೆ, ಬನ್ನಿ" ಎಂದಳು, ರೋಗಿಯನ್ನು ಮಾತಾಡಿಸುವ ದನಿಯಲ್ಲಿ. ಮದುವೆಯಾದ ಲಾಗಾಯ್ತು ಅವಳು ನನ್ನ ಮೇಲೆ ಕನಿಕರ ತೋರಿಸಿದ್ದು ಅದೇ ಮೊದಲು. ನನಗೆ ಭಯವಾಯಿತು. ಬಡಗಿ ಚಲಪತಿ ಹಲಗೆಗಳನ್ನು ಅವಳ ರಾಗಿ ಡಬ್ಬದ ಮೇಲೆ ಪೇರಿಸಿದಾಗ, "ಈ ದರಿದ್ರ ಪೆಟ್ಟಿಗೆ ಈ ಮನೆಗೆ ಯಾಕೆ ಬಂತೋ" ಎಂದು ಶುರು ಮಾಡಿದಳು ನೋಡಿ, ನನಗೆ ಹೋದ ಜೀವ ಬಂದಂತಾಯಿತು.

ಚಲಪತಿ ಬಾಗೇಪಲ್ಲಿ ಕಡೆಯವನು. ಅರ್ಧ ಕನ್ನಡ, ಅರ್ಧ ತೆಲುಗು. ಜೋಡಿಸಿ ಮುಗಿಸಿ ಕೈ ಒರೆಸಿಕೊಂಡು ಕೇಳಿದ: "ಇದಿ ಏಂದಿ ಸಾರೂ, ಗೂಡು ಒಣಗಿಸೋದಾ?"

"ಇದು ಮನುಷ್ಯರಿಗೆ!"

"ಮನುಷ್ಯರನ್ನ ಒಣಗಿಸೋದಾ?"

ಎದುರುಮನೆಯ ಮುನಿಗಂಗಮ್ಮ ಹುಳು ಮೇಯಿಸುವವಳು. ನೋಡಲು ಬಂದು, ಬಾಗಿಲು ತೆಗೆದು, "ಎಷ್ಟು ಕೇಜಿ ಗೂಡು ಹಿಡಿಯುತ್ತಪ್ಪಾ?" ಎಂದಳು. ನಾನು ಫಿನ್ಲೆಂಡಿನ ಬಗ್ಗೆ ದೀರ್ಘವಾಗಿ ಹೇಳಿದೆ. ಎಲ್ಲ ಕೇಳಿ, "ಅಲ್ಲಿ ಗೂಡು ಏನು ರೇಟು?" ಎಂದಳು. ಅವತ್ತಿನಿಂದ ಬಾಗಿಲಿಗೆ ಬೀಗ ಹಾಕಿದೆ. ಈ ಪೆಟ್ಟಿಗೆಯಲ್ಲಿ ಮೊದಲು ಬೆವರುವುದು ನಾನೇ, ಮೇಲಿನ ಬೆಂಚಿನಲ್ಲಿ ಅವನ ಜಾಗ ಬಿಟ್ಟು ಕೂತು, ನಾವು ಅಂದುಕೊಂಡಿದ್ದ ಹಾಗೆಯೇ. ಆ ಒಂದು ಸಲ ಆಗಬೇಕು. ಆಮೇಲೆ ಯಾರು ಏನು ಬೇಕಾದರೂ ಅನ್ನಲಿ.

ಆದರೆ ಆ ಒಂದು ಸಲವೇ ಆಗಲಿಲ್ಲ. ಸೌನಾದ ಒಲೆಗೆ ತ್ರೀ ಫೇಸ್ ಕರೆಂಟು ಬೇಕು, ಬೇಸಿಗೆಯಲ್ಲಿ ನಮ್ಮೂರಿಗೆ ಒಂದು ಫೇಸ್ ಬಂದರೆ ಹಬ್ಬ. ಟವಲ್ ಸುತ್ತಿಕೊಂಡು ಒಳಗೆ ಹೋಗುವುದು, ಕಲ್ಲು ಉಗುರುಬೆಚ್ಚಗಾಗುವುದು, ಕರೆಂಟು ಹೋಗುವುದು, ನಾನು ಹೊರಗೆ ಬರುವುದು.

"ಬೆವರಿದ್ರಾ?" ಎಂದು ಶ್ಯಾಮಲ ಅಡುಗೆಮನೆಯಿಂದ ಕೇಳುವಳು.

"ಇಲ್ಲ."

"ಬನ್ನಿ ಇಲ್ಲಿ, ಒಲೆ ಮುಂದೆ ಕೂತು ಚಪಾತಿ ಬೇಯ್ಸಿ."

ಅಂತೂ ಜೂನ್ ಬಂತು. ಹಗಲೂ ಇರುಳೂ ಜಿಟಿಜಿಟಿ ಮಳೆ. ರೈತರ ಪಂಪುಸೆಟ್ಟುಗಳು ನಿಂತವು, ಕರೆಂಟು ನಮ್ಮ ಕಡೆ ಉದಾರವಾಗಿ ಹರಿಯಿತು. ಒಂದು ಭಾನುವಾರ ಬೆಳಿಗ್ಗೆ ಮೂರೂ ಫೇಸ್ ಬಂದು ನಿಂತವು, ಹೋಗಲಿಲ್ಲ. ಕಲ್ಲು ಕಾಯಿತು. ನಾನು ಒಳಗೆ ಹೋಗಿ ಮೇಲಿನ ಬೆಂಚಿನಲ್ಲಿ ಎಡಕ್ಕೆ ಸರಿದು ಕೂತೆ. ಬಲಗಡೆ ಅವನ ಜಾಗ. ಮರದ ವಾಸನೆ, ಕತ್ತಲು, ಸುತ್ತ ಒಣ ಶಾಖ. ಹಣೆಯ ಮೇಲೆ ಮೊದಲ ಹನಿ ಮೂಡಿತು. ದಸ್ತಗಿರ್ ಹೇಳಿದ್ದು ಸರಿ, ಬೆಳಕು ಬೇಕಾಗಿರಲಿಲ್ಲ.

ಬಾಗಿಲು ದಬದಬ ಸದ್ದು ಮಾಡಿತು.

"ರೀ, ಹೊರಗೆ ಬನ್ನಿ!"

"ಈಗ ತಾನೇ ಕೂತಿದ್ದೀನಿ ಕಣೇ!"

"ಮಹಮೂದಾ ಬಂದಿದ್ದಾಳೆ."

ಮಹಮೂದಾ ದಸ್ತಗಿರನ ಹೆಂಡತಿ. ಗಂಡ ತೀರಿದ ಮೇಲೆ ಪಾಲಿಸುವ ಇದ್ದತ್ ಅವಧಿ ಮುಗಿಯುವವರೆಗೂ ಮನೆಯಿಂದ ಹೊರಗೆ ಬಂದಿರಲಿಲ್ಲ. ಘಟಕ ಮಾರಿಬಿಡು ಎಂದು ಮೈದುನಂದಿರು ಹೇಳಿದ್ದಕ್ಕೆ ಕಿವಿಗೊಡದೆ ಆ ವಾರವಷ್ಟೇ ಮತ್ತೆ ತೆರೆದಿದ್ದಳು.

"ಕೂರಿಸಿ ಟೀ ಕೊಡು, ಬರ್ತೀನಿ."

"ಅವಳು ಕೂರಕ್ಕೆ ಬಂದಿಲ್ಲ. ನಿಮ್ಮನ್ನ ಏಳಿಸಕ್ಕೆ ಬಂದಿದ್ದಾಳೆ!"

ಈಗ ಮಹಮೂದಾಳ ದನಿ ಕೇಳಿತು. "ಅಣ್ಣಾ, ನಾನು. ಗೂಡಿಗೆ ಶಾಖ ಕೊಡೋ ನಮ್ಮ ಆವಿ ಕೋಣೆ ಪೈಪು ಒಡೆದುಹೋಗಿದೆ. ನಾನೇ ನಿಂತು ತಗೊಂಡಿರೋ ಮೊದಲನೇ ಲಾಟು. ಮಳೇಲಿ ಯಾರ ಹತ್ರಾನೂ ಜಾಗ ಇಲ್ಲ. ನಾಳೆಗೆ ಎಲ್ಲಾ ತೂತಾಗುತ್ತೆ. ಇದೊಂದು ಹೋದ್ರೆ ಘಟಕ ಮಾರ್ಸೇ ಮಾರಿಸ್ತಾರೆ ಅಣ್ಣಾ."

ಎರಡನೆಯ ಹನಿ ಮೂಗಿನ ತುದಿಗೆ ಬಂದಿತ್ತು.

"ಪೆಟ್ಟಿಗೇಲಿ ಅರ್ಧ ಅವರದಲ್ವಾ ಅಣ್ಣಾ?"

"ಹೌದಮ್ಮಾ. ಅರ್ಧ ಯಾವತ್ತಿದ್ರೂ ನಿಂದೇ."

"ಹಾಗಾದ್ರೆ ಇವತ್ತು ಕೊಡಿ."

"ಯಾವ ಅರ್ಧ ಬೇಕಮ್ಮಾ?" ಎಂದೆ. (ಶಾಖಕ್ಕೆ ತಲೆ ಸ್ವಲ್ಪ ಮಂದವಾಗಿತ್ತು.)

"ನೀವು ಕೂತಿರೋ ಅರ್ಧ!" ಎಂದು ಶ್ಯಾಮಲ ಕೂಗಿದಳು.

"ಒಂದು ಅರ್ಧ ಗಂಟೆ ತಡೀಬೋದಾ? ಇಷ್ಟು ದಿನ ಆದ್ಮೇಲೆ ಇವತ್ತು..."

ನಾನು ಯಾಕೆ ಕೇಳುತ್ತಿದ್ದೇನೆಂದು ಅವರಿಬ್ಬರಿಗೂ ಗೊತ್ತಿತ್ತು. ಮಹಮೂದಾ ಮೆಲ್ಲಗೆ ಅಂದಳು: "ನಾನು ತಡೀತೀನಿ ಅಣ್ಣಾ. ಹುಳ ತಡಿಯಲ್ಲ."

ಎದ್ದೆ. ಬಾಗಿಲು ತೆಗೆದೆ. ಇಬ್ಬರೇ ಇರುತ್ತಾರೆಂದು ಎಣಿಸಿದ್ದೆ. ಹಿತ್ತಿಲ ತುಂಬ ಜನ. ತಲೆಯ ಮೇಲೆ ಬುಟ್ಟಿ ಹೊತ್ತವರು, ಬಿದಿರಿನ ತಟ್ಟೆ ಹಿಡಿದವರು, ಮಳೆಗೆ ಗೋಣಿ ಹೊದ್ದ ಮುನಿಗಂಗಮ್ಮ, ಅವರೆಲ್ಲರ ಮುಂದೆ ಹೊಗೆಯಾಡುತ್ತಾ ಒಂದು ಟವಲಿನಲ್ಲಿ ನಿಂತ ಇತಿಹಾಸದ ಮೇಷ್ಟ್ರು.

"ಸಾರು ವಚ್ಚೇಶಾರು, ಬಂದ್ಬಿಟ್ರು!" ಎಂದು ಚಲಪತಿ ಸಾರಿದ. "ಬೆಂದಿದ್ದಾರಾ ನೋಡ್ರಿ!"

ಮಹಮೂದಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗೌರವದಿಂದ ಗೋಡೆ ನೋಡುತ್ತಾ ನನ್ನನ್ನು ದಾಟಿ ಒಳಗೆ ಹೋದಳು. ಚಲಪತಿ ಬೆಂಚು ಕಿತ್ತ. ಅವರ ಘಟಕದ ಬಿದಿರು ತಟ್ಟೆಯೊಂದನ್ನು ಒಳಗೆ ತಳ್ಳಿದರು. ಈ ಗೋಡೆಯಿಂದ ಆ ಗೋಡೆಗೆ ಅಳೆದು ಮಾಡಿಸಿದ ಹಾಗೆ ಕೂತಿತು. ಎರಡನೆಯದು ಕೂತಿತು. ಬೆಂಚುಗಳಿದ್ದ ಜಾಗಗಳ ನಡುವೆ ಇನ್ನೂ ಎರಡು ಸಾಲು, ಬೆನ್ನುಹಲಗೆ ಇಲ್ಲದ ಜಾಗದಲ್ಲಿ ಮತ್ತೊಂದು. ಒಂದು ಬೆರಳಿನಷ್ಟೂ ವ್ಯರ್ಥವಾಗಲಿಲ್ಲ. ಷೋರೂಮಿನಲ್ಲಿ ಮೂಸಿ, ತಟ್ಟಿ, ಬೆರಳು ಹಾಕಿ ನೋಡುತ್ತಿದ್ದ ಮನುಷ್ಯ ಎಂಟು ತಿಂಗಳು ಏನನ್ನು ಆರಿಸುತ್ತಿದ್ದ ಎಂಬುದು ಆ ಹಿತ್ತಿಲಿನಲ್ಲಿದ್ದ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಬೇಕೆಂದು ಮಾಡಿದ್ದಲ್ಲ. ಅವನ ಕಣ್ಣಿಗೆ ಬೇರೆ ಅಳತೆ ಗೊತ್ತೇ ಇರಲಿಲ್ಲ.

ಮಹಮೂದಾ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಾಳೆ ಎಂದುಕೊಂಡೆ. ನಗುತ್ತಿದ್ದಳು. "ಅಂಗಿ ಹೊಲಿಸೋವಾಗ್ಲೂ ಜೇಬಲ್ಲಿ ಗೂಡು ಎಷ್ಟು ಹಿಡಿಯುತ್ತೆ ಅಂತ ನೋಡೋರು ಅಣ್ಣಾ ಅವರು," ಎಂದಳು. ಜನವರಿಯಿಂದ ಅವಳು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಆಮೇಲೆ ಅತ್ತಳು. ಶ್ಯಾಮಲ ಅವಳ ಹೆಗಲು ಹಿಡಿದುಕೊಂಡು, ನನ್ನ ಕಡೆ ತಿರುಗಿ, "ಏನ್ ನೋಡ್ತಾ ನಿಂತಿದ್ದೀರಿ, ಬಟ್ಟೆ ಹಾಕ್ಕೊಂಡು ಬುಟ್ಟಿ ಹಿಡೀರಿ" ಎಂದಳು.

ಸಂಜೆ ಮಹಮೂದಾ ಒಂದು ಗೂಡು ಕುಯ್ದು, ಒಳಗಿನ ಹುಳು ಸತ್ತಿರುವುದನ್ನು ನೋಡಿ, ಆಯಿತೆಂದು ತಲೆ ಆಡಿಸಿದಳು. ಲಾಟು ಉಳಿಯಿತು. ಘಟಕವೂ ಉಳಿಯಿತು. ಈಗ ಅವಳು ಮಾರುಕಟ್ಟೆಯಲ್ಲಿ ಗೂಡು ಅಲ್ಲಾಡಿಸಿ ಮುಖ ಸಿಂಡರಿಸುವುದನ್ನು ನೋಡಿದರೆ ರೈತರು ಹೆದರುತ್ತಾರಂತೆ.

ಆದರೆ ನನ್ನ ಪೆಟ್ಟಿಗೆ ಹೋಯಿತು. ಪೈಪು ರಿಪೇರಿಯಾಗುವವರೆಗೂ ಮಹಮೂದಾಳ ಗೂಡು. ಆಮೇಲೆ, ರೇಟು ಬಿದ್ದಿದೆ, ಒಣಗಿಸಿ ಇಟ್ಟುಕೊಳ್ಳುತ್ತೇನೆ ಎಂದು ಮುನಿಗಂಗಮ್ಮ. ಅವಳ ತಂಗಿ. ತಂಗಿಯ ಬೀಗರು. ಬೀಗದ ಕೈ ಶ್ಯಾಮಲಳ ಸೊಂಟಕ್ಕೆ ಹೋಯಿತು. ದರಿದ್ರ ಪೆಟ್ಟಿಗೆ ಎನ್ನುತ್ತಿದ್ದವಳು ಬಂದವರಿಗೆಲ್ಲ, "ಫಿನ್ಲೆಂಡಿಂದು, ಮುಟ್ಟೋ ಮುಂಚೆ ಕೈ ಒರೆಸ್ಕೊಳ್ಳಿ" ಎನ್ನತೊಡಗಿದಳು.

"ನನ್ನ ಸರದಿ ಯಾವಾಗ?" ಎಂದು ಒಂದು ದಿನ ಕೇಳಿದೆ.

"ನಿಮಗೇನು ಚಿಟ್ಟೆ ಬರುತ್ತಾ? ಕಾಯಿರಿ."

ಕಾದೆ. ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಪೆಟ್ಟಿಗೆ ಖಾಲಿಯಾಯಿತು, ಕರೆಂಟೂ ಇತ್ತು. ಚಲಪತಿ ಬೆಂಚು ಹಾಕಿಕೊಟ್ಟ. ಕೂತೆ, ಎಡಕ್ಕೆ ಸರಿದು. ಕಲ್ಲು ಕಾಯಿತು. ಬಕೆಟ್ಟಿನಿಂದ ಒಂದು ಸೌಟು ನೀರು ಚಿಮುಕಿಸಿದೆ.

ಚುಂಯ್ ಎಂದು ಆವಿಯೆದ್ದದ್ದೇ, ಮರ ಕುಡಿದಿದ್ದ ವಾಸನೆಯೆಲ್ಲ ಹೊರಗೆ ಬಂತು. ಬೆಂದ ಹುಳುವಿನ ವಾಸನೆ. ಎಣ್ಣೆಯಂಥ, ಹಳಸಿದ ಮೀನಿನಂಥ, ಏನಂಥದ್ದೂ ಅಲ್ಲದ ವಾಸನೆ. ರೀಲರುಗಳ ಬಟ್ಟೆ, ಕೂದಲು, ಉಗುರಿನೊಳಗೆಲ್ಲ ಅದು ಇರುತ್ತದೆ, ಯಾವ ಸೋಪಿಗೂ ಹೋಗುವುದಿಲ್ಲ. ದಸ್ತಗಿರನ ಮೈಯಲ್ಲೂ ಯಾವಾಗಲೂ ಇತ್ತು. ನನ್ನ ಮೈಯಿಂದ ಬೆವರು ಧಾರೆಧಾರೆಯಾಗಿ ಇಳಿಯಿತು. ಕಣ್ಣು ಮುಚ್ಚಿದೆ. ಪಕ್ಕದಲ್ಲಿ ದಸ್ತಗಿರ್ ಕೂತಿದ್ದ. ಬಹಳ ಹೊತ್ತು ಕೂತಿದ್ದ.

ಹೊರಗೆ ಬಂದಾಗ ಶ್ಯಾಮಲ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಹೋದಳು. ಮುನಿಗಂಗಮ್ಮನ ಕೋಳಿಗಳು, ಅವು ಆ ಹುಳುಗಳನ್ನು ತಿಂದೇ ಬೆಳೆದವು, ನನ್ನನ್ನು ಕಂಡು ಓಡೋಡಿ ಬಂದವು. "ಸೀದಾ ಬಚ್ಚಲಿಗೆ! ಸೋಪು ಉಜ್ಜಿ ಉಜ್ಜಿ ಸ್ನಾನ ಮಾಡಿ," ಎಂದು ಶ್ಯಾಮಲ ಕೂಗಿದಳು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ನೀರು ಸುರಿದುಕೊಂಡೆ. ಸೋಪು ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಚಿಂತಾಮಣಿ ಬಸ್ಸು ಕಿಕ್ಕಿರಿದಿತ್ತು. ಬಾಗಿಲವರೆಗೂ ಜನ ನಿಂತಿದ್ದರು. ಕಂಡಕ್ಟರ್ ಟಿಕೆಟ್ಟು ಹರಿಯುತ್ತಾ ಮೂಗು ಅರಳಿಸಿ, "ಏನ್ ಮೇಷ್ಟ್ರೇ, ರೀಲಿಂಗ್ ಶುರು ಮಾಡ್ಬಿಟ್ರಾ?" ಎಂದ. ನನ್ನ ಪಕ್ಕದಲ್ಲಿ, ಬಲಗಡೆ, ಕೂತಿದ್ದವನು ಎದ್ದು ಹೋಗಿ ಕಂಬಿ ಹಿಡಿದು ನಿಂತ. ಆಮೇಲೆ ಊರೂರಿನಲ್ಲಿ ಹತ್ತಿದವರೆಲ್ಲ ಆ ಸೀಟನ್ನು ನೋಡಿ ಸಂತೋಷದಿಂದ ಹತ್ತಿರ ಬಂದರು, ಹತ್ತಿರ ಬಂದು ಹಾಗೆಯೇ ಮುಂದಕ್ಕೆ ಹೋದರು. ಚಿಂತಾಮಣಿಯವರೆಗೂ ಅದು ಖಾಲಿಯೇ ಇತ್ತು. ನನ್ನ ಬ್ಯಾಗು ಭಾರವಾಗಿತ್ತು. ಆದರೂ ಅದನ್ನು ಅಲ್ಲಿ ಇಡಲಿಲ್ಲ.